ಹಳೇ ಕಾರಿಗೆ ಬೇರೆ ಇಂಜಿನ್ ಕೂರಿಸಿದ ಮೇಲೆ ಮಿಸ್ಸಿಂಗ್ ಹೊಡೀತಿದೆಯಾ? ಹೆಡ್ ಬಿಚ್ಚಿಸುವ ಮುನ್ನ ಇಷ್ಟು ನೋಡಿ

ಚನ್ನಗಿರಿ/ಹೊನ್ನಾಳಿ/ನ್ಯಾಮತಿ/ಜಗಳೂರು: ಚನ್ನಗಿರಿ, ಹೊನ್ನಾಳಿ ಕಡೆ ಹಳೇ ಮಾರುತಿ 800 ಕಾರುಗಳ ಮೇಲೆ ಇವತ್ತಿಗೂ ಶಿವಮೊಗ್ಗದ ಕೆಎ-14 ನಂಬರ್ ಪ್ಲೇಟ್ ಕಾಣಿಸುತ್ತೆ. ಜಗಳೂರು ಕಡೆ ಚಿತ್ರದುರ್ಗದ ಕೆಎ-16 ಸಿಗುತ್ತೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಗೋ ತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. ಆ ಕಾಲದ ಗಾಡಿಗಳಿಗೆ ಈಗ 25 ವರ್ಷ ದಾಟಿದೆ.

ಇಂಥ ಕಾರು ಮನೆಯಲ್ಲಿ ಸುಮ್ಮನೆ ನಿಂತಿರಲ್ಲ. ತೋಟಕ್ಕೆ, ಆಸ್ಪತ್ರೆಗೆ, ಸಂತೆಗೆ, ಮದುವೆ ಮನೆಗೆ ಎಲ್ಲಕ್ಕೂ ಅದೇ ಬೇಕು. ಬಾಡಿ ಗಟ್ಟಿ ಇದೆ, ಇಂಜಿನ್ ಮಾತ್ರ ಆಯಿಲ್ ಕುಡಿಯುತ್ತೆ ಅಂದಾಗ ಬೋರ್ ಮಾಡಿಸೋದಕ್ಕಿಂತ ಗುಜರಿಯಿಂದ ಒಂದು ಒಳ್ಳೇ ಇಂಜಿನ್ ತಂದು ಕೂರಿಸೋದು ಅಗ್ಗ ಅನ್ನೋ ಲೆಕ್ಕ ಹಾಕ್ತಾರೆ. ಲೆಕ್ಕ ಎಷ್ಟೋ ಸಲ ಸರಿಯೇ ಇರುತ್ತೆ. ತೊಂದರೆ ಶುರುವಾಗೋದು ಆಮೇಲೆ. ಇಂಜಿನ್ ಕೂತಿದೆ, ಸ್ಟಾರ್ಟೂ ಆಗಿದೆ, ಆದರೆ ಐಡ್ಲಿಂಗ್‌ನಲ್ಲಿ ಕಾರು ಗಡಗಡ ನಡುಗುತ್ತೆ, ಎತ್ತರದಲ್ಲಿ ಎಳೆಯಲ್ಲ, ಸೈಲೆನ್ಸರ್‌ನಲ್ಲಿ ಫಟ್ ಫಟ್ ಅನ್ನುತ್ತೆ. 'ಗಾಡಿ ಮಿಸ್ಸಿಂಗ್ ಹೊಡೀತಾ ಐತಣ್ಣ' ಅಂತ ಗ್ಯಾರೇಜ್‌ಗೆ ಹೋದರೆ, 'ಗುಜರಿ ಇಂಜಿನ್ ಅಲ್ವಾ, ಹೆಡ್ ಬಿಚ್ಚಿ ನೋಡಬೇಕು' ಅನ್ನೋ ಉತ್ತರ ಬರುತ್ತೆ.

ಅಲ್ಲಿಗೆ ಇನ್ನೊಂದು ಸುತ್ತು ಖರ್ಚು ಶುರು. ಹೆಡ್ ಬಿಚ್ಚೋದು ಪರೀಕ್ಷೆಯಲ್ಲಿ ಮೊದಲನೇದಲ್ಲ, ಕೊನೇದು. ಇಂಜಿನ್ ಬದಲಿಸಿದ ಮೇಲೆ ಬರೋ ಮಿಸ್ಸಿಂಗ್‌ನಲ್ಲಿ ಮೊದಲು ಅನುಮಾನ ಪಡಬೇಕಾದ್ದು ಬಂದಿರೋ ಇಂಜಿನ್ನಿಗೂ ಹಳೇ ಕಾರಿಗೂ ಜೋಡಣೆ ಮಾಡಿದ ಜಾಗಗಳನ್ನ. ಅರ್ಥ್ ವೈರ್, ಗಾಳಿ ಪೈಪು, ಪ್ಲಗ್ ವೈರ್, ಪೆಟ್ರೋಲ್ ಲೈನ್, ಮೌಂಟಿಂಗ್, ಇವೆಲ್ಲ ಕೆಲಸದ ವೇಳೆ ಕೈ ತಾಗಿದ ಜಾಗಗಳು. ಇದರಲ್ಲಿ ಮುಕ್ಕಾಲು ಪಾಲನ್ನ ಒಂದು ಪ್ಲಗ್ ಸ್ಪ್ಯಾನರ್, ಒಂದು ಮಲ್ಟಿಮೀಟರ್ ಇದ್ದರೆ ಮನೆ ಅಂಗಳದಲ್ಲೇ ನೋಡಬಹುದು. ಖರ್ಚಿಲ್ಲದ್ದು ಮೊದಲು, ಖರ್ಚಿಂದು ಕೊನೆಗೆ ಅನ್ನೋ ಕ್ರಮದಲ್ಲಿ ಇಲ್ಲಿ ಕೊಟ್ಟಿದ್ದೇವೆ. ಉದಾಹರಣೆಗೆ ಕಾರ್ಬೊರೇಟರ್ ಇರೋ ಮಾರುತಿ 800 ಇಟ್ಟುಕೊಂಡಿದ್ದೇವೆ. ಓಮ್ನಿಯಲ್ಲೂ ಇದೇ 796 ಸಿಸಿ, ಮೂರು ಸಿಲಿಂಡರ್ ಇಂಜಿನ್ ಬರುತ್ತಿತ್ತು.

ಮಿಸ್ಸಿಂಗೋ, ಬರೀ ನಡುಕವೋ?

ಎರಡೂ ಬೇರೆ ಬೇರೆ. ಮೂರು ಸಿಲಿಂಡರ್ ಇಂಜಿನ್ ಸ್ವಭಾವದಿಂದಲೇ ಸ್ವಲ್ಪ ಅಲುಗಾಡುತ್ತೆ. ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಕ್ರ್ಯಾಂಕ್ ಅರ್ಧ ಸುತ್ತು ತಿರುಗಿದಾಗಲೆಲ್ಲ ಒಂದು ಸಿಲಿಂಡರ್ ಫೈರ್ ಆಗುತ್ತೆ. ಮೂರರಲ್ಲಿ 240 ಡಿಗ್ರಿಗೆ ಒಂದು. ಮಧ್ಯೆ ಅಂತರ ಜಾಸ್ತಿ. ಆ ಅಲುಗಾಟ ಬಾಡಿಗೆ ಬರದಂಗೆ ತಡೆಯೋದು ರಬ್ಬರ್ ಮೌಂಟಿಂಗ್. ಬೇರೆ ಇಂಜಿನ್ ಹಾಕುವಾಗ ಹಳೇ ಕಾರಿನ ಗಟ್ಟಿಯಾದ, ಸೀಳಿದ ಮೌಂಟಿಂಗನ್ನೇ ಮತ್ತೆ ಬಿಗಿದಿದ್ದರೆ ಇಂಜಿನ್ ಚೆನ್ನಾಗಿದ್ದರೂ ಸ್ಟೇರಿಂಗ್, ಡೋರ್, ಸೀಟು ಎಲ್ಲ ನಡುಗುತ್ತೆ.

ಪರೀಕ್ಷೆ ಸುಲಭ. ಇಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಸ್ವಲ್ಪ ಒತ್ತಿ 1,500ರಿಂದ 2,000 ಆರ್‌ಪಿಎಂ ಹತ್ರ ಹಿಡಿಯಿರಿ. ಮೀಟರ್ ಇಲ್ಲದಿದ್ದರೆ ಕಿವಿಯಂದಾಜೇ ಸಾಕು. ನಡುಕ ಹೋಗಿ, ಸೈಲೆನ್ಸರ್ ಸದ್ದು ಒಂದೇ ಸಮ ಬಂತು ಅಂದರೆ ಅನುಮಾನ ಮೌಂಟಿಂಗ್ ಮೇಲೆ, ಇಲ್ಲಾ ಐಡ್ಲಿಂಗ್ ಗಾಳಿ-ಪೆಟ್ರೋಲ್ ಅಳತೆ ಮೇಲೆ. ಸದ್ದು ಆಗಲೂ ತಪ್ಪಿ ತಪ್ಪಿ ಬರ್ತಿದ್ದರೆ ಅದು ನಿಜವಾದ ಮಿಸ್ಸಿಂಗ್.

ಸೈಲೆನ್ಸರ್ ಬಾಯಿಗೆ ಒಂದು ಪೇಪರ್ ಚೂರು ಹಿಡಿದು ನೋಡಿ. ಪೇಪರ್ ಒಂದೇ ಸಮ ಹೊರಗೆ ಹಾರ್ತಿದ್ದರೆ ಒಳ್ಳೇದು. ತಾಳಬದ್ಧವಾಗಿ ಒಂದೊಂದು ಸಲ ಒಳಕ್ಕೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಸರಿ ಕೂರ್ತಿಲ್ಲ ಅನ್ನೋ ಅನುಮಾನ ಇಟ್ಟುಕೊಳ್ಳಿ. ಖಚಿತ ಮಾಡೋದು ಕಂಪ್ರೆಷನ್ ಟೆಸ್ಟ್. ಅದು ಮುಂದೆ ಬರುತ್ತೆ.

ಇನ್ನೆರಡು ನೋಡಿ. ಕ್ಲಚ್ ಒತ್ತಿದ ತಕ್ಷಣ ನಡುಕ ಬದಲಾದರೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಅಥವಾ ಗೇರ್‌ಬಾಕ್ಸ್ ಜೋಡಣೆ ಕಡೆ ಹೋಗಬೇಕು. ಸೈಲೆನ್ಸರ್ ಪೈಪ್ ಎಲ್ಲಾದರೂ ಬಾಡಿಗೆ ತಾಗಿದೆಯಾ ಅಂತ ಬಗ್ಗಿ ನೋಡಿ. ಬೇರೆ ಇಂಜಿನ್ ಒಂದಿಷ್ಟು ಆಚೀಚೆ ಕೂತರೂ ಪೈಪ್ ತಾಗುತ್ತೆ, ಇಡೀ ಕಾರು ಝೇಂಕರಿಸುತ್ತೆ.

ಒಂದು ಸಿಲಿಂಡರಾ, ಎಲ್ಲವೂನಾ?

ನಿಜವಾದ ಮಿಸ್ಸಿಂಗೇ ಅಂತಾದರೆ ಮುಂದಿನ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗೀತು.

ಇಂಜಿನ್ ಓಡ್ತಿರುವಾಗ ಒಂದೊಂದೇ ಪ್ಲಗ್ ವೈರ್ ತೆಗೆದು ನೋಡೋದು ಹಳೇ ಪದ್ಧತಿ. ಕೆಲಸ ಮಾಡ್ತಿರೋ ಸಿಲಿಂಡರ್ ವೈರ್ ತೆಗೆದರೆ ಇಂಜಿನ್ ಇನ್ನೂ ಕುಗ್ಗುತ್ತೆ. ಸತ್ತಿರೋ ಸಿಲಿಂಡರ್ ವೈರ್ ತೆಗೆದರೆ ಏನೂ ವ್ಯತ್ಯಾಸ ಆಗಲ್ಲ. ಬರಿಗೈಲಿ ಹಿಡಿಯಬೇಡಿ, ಸಾವಿರಾರು ವೋಲ್ಟ್ ಇರುತ್ತೆ. ಇಂಜಿನ್ ಆಫ್ ಮಾಡಿ ಒಂದು ವೈರ್ ತೆಗೆದು, ಅದಕ್ಕೆ ಹಳೇ ಪ್ಲಗ್ ಸಿಕ್ಕಿಸಿ, ಪ್ಲಗ್ ಬಾಡಿ ಇಂಜಿನ್ ಲೋಹಕ್ಕೆ ತಾಗುವಂಗೆ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡೋದು ಸುರಕ್ಷಿತ. ಹಂಗೆ ಮಾಡಿದರೆ ಕಾಯಿಲ್‌ಗೂ ಎಲೆಕ್ಟ್ರಾನಿಕ್ ಇಗ್ನಿಷನ್‌ಗೂ ಪೆಟ್ಟು ಬೀಳಲ್ಲ. ಎಂಪಿಎಫ್‌ಐ ಇಂಜಿನ್ ಆಗಿದ್ದರೆ ಪ್ಲಗ್ ವೈರ್ ಮುಟ್ಟಬೇಡಿ, ಒಂದೊಂದೇ ಇಂಜೆಕ್ಟರ್ ಕನೆಕ್ಟರ್ ತೆಗೆದು ನೋಡಿ.

ಒಂದೇ ಸಿಲಿಂಡರ್ ಸತ್ತಿದೆ ಅಂದರೆ ಪ್ಲಗ್, ಅದರ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ವಾಲ್ವ್, ಕಂಪ್ರೆಷನ್ ಇಷ್ಟರಲ್ಲೇ ತೊಂದರೆ ಇರುತ್ತೆ. ಮೂರೂ ಸಿಲಿಂಡರ್ ಕೆಲಸ ಮಾಡ್ತಿವೆ, ಆದರೆ ಎಲ್ಲವೂ ಸೊರಗಿವೆ ಅಂದರೆ ಟೈಮಿಂಗ್, ಗಾಳಿ ಲೀಕ್, ಪೆಟ್ರೋಲ್, ಅರ್ಥ್ ಕಡೆ ಹೋಗಬೇಕು.

ಕರೆಂಟ್ ಕಡೆ: ಪ್ಲಗ್, ವೈರ್, ಅರ್ಥ್

ಸತ್ತ ಸಿಲಿಂಡರಿನ ಪ್ಲಗ್ ತೆಗೆದು ಬೇರೆ ಸಿಲಿಂಡರ್‌ಗೆ ಹಾಕಿ. ಮಿಸ್ಸಿಂಗ್ ಅದರ ಜೊತೆಗೇ ಹೋದರೆ ಪ್ಲಗ್ ಕೆಟ್ಟಿದೆ. ಅಲ್ಲೇ ಉಳಿದರೆ ವೈರ್ ಬದಲಿಸಿ ನೋಡಿ. ಪ್ಲಗ್ ತುದಿ ಬಣ್ಣವೂ ಕಥೆ ಹೇಳುತ್ತೆ. ತಿಳಿ ಕಂದು ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಅಂಟಿದ ಕಪ್ಪು ಇದ್ದರೆ ಆಯಿಲ್ ಒಳಗೆ ಬರ್ತಿದೆ. ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ಆಮೇಲೆ ಫೈರಿಂಗ್ ಆರ್ಡರ್. ಮಾರುತಿ 800 ಇಂಜಿನ್‌ಗೆ 1-3-2. ಡಿಸ್ಟ್ರಿಬ್ಯೂಟರ್ ರೋಟರ್ ಯಾವ ಕಡೆ ತಿರುಗುತ್ತೋ ಆ ಕಡೆಗೆ 1, 3, 2 ಅಂತ ವೈರ್ ಬರಬೇಕು. 2 ಮತ್ತು 3 ಅದಲು ಬದಲಾದರೆ ಒಂದನೇ ಸಿಲಿಂಡರ್ ಮಾತ್ರ ಸರಿಯಾಗಿ ಫೈರ್ ಆಗುತ್ತೆ, ಇಂಜಿನ್ ಕೆಮ್ಮುತ್ತೆ, ಕಾರ್ಬೊರೇಟರ್‌ನಲ್ಲಿ ಬ್ಯಾಕ್‌ಫೈರ್ ಬರುತ್ತೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಪೆಟ್ರೋಲ್ ಇಂಜಿನ್ ಆದರೆ 1-3-4-2. ಅವಸರದಲ್ಲಿ ಆಗೋ ತಪ್ಪು ಇದು. ಸರಿ ಮಾಡೋಕೆ ಎರಡು ನಿಮಿಷ ಸಾಕು.

ನ್ಯಾಮತಿ, ಹೊನ್ನಾಳಿ ಕಡೆ ಮಳೆಗಾಲದಲ್ಲಿ ಬೆಳಗ್ಗೆ ಮಾತ್ರ ಮಿಸ್ಸಿಂಗ್, ಬಿಸಿಲು ಬಂದ ಮೇಲೆ ಸರಿ ಅನ್ನೋದಾದರೆ ಹಳೇ ವೈರ್ ಬಿರುಕಿನಿಂದ ಕರೆಂಟ್ ಹಾರ್ತಿರಬಹುದು. ಕತ್ತಲಲ್ಲಿ ಬಾನೆಟ್ ಎತ್ತಿ, ಇಂಜಿನ್ ಓಡ್ತಿರುವಾಗ ವೈರ್ ಮೇಲೆ ನೀರನ್ನ ಮಂಜಿನ ಹಾಗೆ ಸ್ವಲ್ಪ ಸ್ಪ್ರೇ ಮಾಡಿ. ಕೈ ದೂರ ಇರಲಿ. ನೀಲಿ ಕಿಡಿ ಹಾರೋದು ಕಂಡರೆ ವೈರ್ ಸೆಟ್ ಬದಲಿಸಬೇಕು.

ಈಗ ಅರ್ಥ್. ಬ್ಯಾಟರಿ ನೆಗೆಟಿವ್ ಬಾಡಿಗೆ ಹೋಗುತ್ತೆ, ಬಾಡಿಯಿಂದ ಇಂಜಿನ್ ಅಥವಾ ಗೇರ್‌ಬಾಕ್ಸ್‌ಗೆ ಒಂದು ದಪ್ಪ ಪಟ್ಟಿ ಹೋಗುತ್ತೆ. ಇಂಜಿನ್ ಇಳಿಸುವಾಗ ಆ ಪಟ್ಟಿ ಬಿಚ್ಚಲೇಬೇಕು. ಹತ್ತಿಸುವಾಗ ಮರೆತುಹೋಗುತ್ತೆ, ಇಲ್ಲಾ ಬಣ್ಣ, ತುಕ್ಕಿನ ಮೇಲೇ ಬಿಗಿದುಬಿಡ್ತಾರೆ. ಆಗ ಸ್ಟಾರ್ಟರ್ ಎಳೆಯೋ ಭಾರೀ ಕರೆಂಟ್ ವಾಪಸ್ ಬರೋಕೆ ದಾರಿ ಹುಡುಕುತ್ತೆ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ಬರುತ್ತೆ. ಇಂಜಿನ್ ಹಾಕಿಸಿದ ಮೇಲೆ ಕೇಬಲ್ ಬಿಸಿಯಾಗ್ತಿದೆ, ಜಾಮ್ ಆಗ್ತಿದೆ ಅನ್ನೋರು ಮೊದಲು ನೋಡಬೇಕಾದ್ದು ಇದನ್ನೇ.

ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಟ್ಟು ಒಂದು ತುದಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕ್‌ನ ಚೊಕ್ಕ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. 0.2, 0.3 ವೋಲ್ಟ್ ಒಳಗಿದ್ದರೆ ಸರಿ. 0.5 ದಾಟಿದರೆ ಅರ್ಥ್ ಸರಿಯಿಲ್ಲ. ಮೀಟರ್ ಇಲ್ಲದಿದ್ದರೆ ಜಂಪ್ ಕೇಬಲ್ ಒಂದನ್ನ ಬ್ಯಾಟರಿ ನೆಗೆಟಿವ್‌ನಿಂದ ಇಂಜಿನ್ ಬ್ಲಾಕ್‌ಗೆ ಹಾಕಿ ಸ್ಟಾರ್ಟ್ ಮಾಡಿ. ಮಿಸ್ಸಿಂಗ್ ಕಡಿಮೆಯಾದರೆ ಕಾರಣ ಸಿಕ್ಕಂಗೆ. ಹಂಗೇ ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬರ್ತಿದೆಯಾ ನೋಡಿ. ಶೆಡ್‌ನಲ್ಲಿ ತಿಂಗಳುಗಟ್ಟಲೆ ನಿಂತ ಕಾರಾದರೆ ಇಲಿ ಕಡಿದ ವೈರ್ ಇದೆಯಾ ಅಂತಲೂ ಹುಡುಕಿ.

ಗಾಳಿ ಕಡೆ: ಮುಚ್ಚದೇ ಬಿಟ್ಟ ಪೈಪು

ಐಡ್ಲಿಂಗ್‌ನಲ್ಲಿ ಗಡಗಡ, ಆಕ್ಸಿಲರೇಟರ್ ಕೊಟ್ಟರೆ ಸರಿಹೋಗುತ್ತೆ. ಇದು ವ್ಯಾಕ್ಯೂಮ್ ಲೀಕ್‌ನ ಗುರುತು. ಕಾರ್ಬೊರೇಟರ್ ಅಳೆದು ಕೊಡೋ ಗಾಳಿ ಬಿಟ್ಟು ಬೇರೆ ಎಲ್ಲಿಂದಲೋ ಗಾಳಿ ಇಂಜಿನ್‌ಗೆ ನುಗ್ತಿದೆ ಅಂತ ಅರ್ಥ. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯೋ ಗಾಳಿಯೇ ಕಡಿಮೆ, ಹಂಗಾಗಿ ಸಣ್ಣ ತೂತೂ ದೊಡ್ಡ ತೊಂದರೆ ಮಾಡುತ್ತೆ.

ಬೇರೆ ಇಂಜಿನ್ ಹಾಕಿದಾಗ ಇದು ಸಾಮಾನ್ಯ. ಆ ಇಂಜಿನ್ ಮ್ಯಾನಿಫೋಲ್ಡ್‌ಗೆ ನಾಲ್ಕು ಪೈಪು ಇರಬಹುದು, ನಿಮ್ಮ ಕಾರಿನಲ್ಲಿ ಮೂರೇ ಇರಬಹುದು. ಉಳಿದ ಒಂದಕ್ಕೆ ಕ್ಯಾಪ್ ಹಾಕದೇ ಬಿಟ್ಟಿರ್ತಾರೆ. ಬ್ರೇಕ್ ಬೂಸ್ಟರ್ ಪೈಪು ಸಡಿಲ ಇರಬಹುದು. ಡಿಸ್ಟ್ರಿಬ್ಯೂಟರ್‌ಗೆ ಹೋಗೋ ಸಣ್ಣ ವ್ಯಾಕ್ಯೂಮ್ ಪೈಪು ಸೀಳಿರಬಹುದು. ಕಾರ್ಬೊರೇಟರ್ ಕೆಳಗಿನ ದಪ್ಪ ಪ್ಯಾಕಿಂಗ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹಳೇದನ್ನೇ ಹಾಕಿರಬಹುದು.

ಎರಡು ಪರೀಕ್ಷೆ ಮಾಡಿ. ಒಂದು, ಬಿಸಿ ಇಂಜಿನ್‌ನಲ್ಲಿ ಚೋಕ್ ಸ್ವಲ್ಪವೇ ಎಳೆಯಿರಿ. ಐಡ್ಲಿಂಗ್ ಸುಧಾರಿಸಿದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿ ಹೋಗ್ತಿದೆ. ಒಂದೋ ಲೀಕ್ ಇದೆ, ಇಲ್ಲಾ ಜೆಟ್ ಕಟ್ಟಿದೆ. ಎರಡು, ಒಂದೊಂದೇ ರಬ್ಬರ್ ಪೈಪನ್ನ ಬೆರಳಿಂದ ಒತ್ತಿ ಹಿಡಿಯಿರಿ. ಯಾವುದನ್ನ ಒತ್ತಿದಾಗ ಇಂಜಿನ್ ಸದ್ದು ಸಮ ಆಗುತ್ತೋ ಆ ದಾರಿಯಲ್ಲಿ ಲೀಕ್ ಇದೆ. ಗ್ಯಾಸ್ಕೆಟ್ ಅಂಚಿಗೆ ಸೋಪಿನ ನೀರು ಹಚ್ಚಿಯೂ ನೋಡಬಹುದು. ಕೆಲವರು ಪೆಟ್ರೋಲ್ ಸಿಂಪಡಿಸಿ ನೋಡ್ತಾರೆ. ಯಾವ ಕಾರಣಕ್ಕೂ ಮಾಡಬೇಡಿ, ಬಿಸಿ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇರುತ್ತೆ, ಕ್ಷಣದಲ್ಲಿ ಬೆಂಕಿ ಹತ್ತುತ್ತೆ.

ಜಗಳೂರು ಕಡೆಯ ಧೂಳಿನ ರಸ್ತೆ, ಹೊನ್ನಾಳಿ ಕಡೆ ಭತ್ತದ ಕೊಯ್ಲಿನ ಹೊಟ್ಟು ಏರ್ ಫಿಲ್ಟರ್‌ನ ಬೇಗ ಮುಚ್ಚಿಹಾಕುತ್ತೆ. ಇಲ್ಲಿ ತೊಂದರೆ ತಿರುಗುಮುರುಗು. ಗಾಳಿ ಸಾಲದೇ ಪ್ಲಗ್ ಕಪ್ಪಾಗುತ್ತೆ, ಎಳೆತ ಕಡಿಮೆಯಾಗುತ್ತೆ. ಬೇರೆ ಇಂಜಿನ್ ಜೊತೆ ಬಂದ ಹಳೇ ಫಿಲ್ಟರನ್ನ ಹಂಗೇ ಇಟ್ಟುಕೊಳ್ಳಬೇಡಿ.

ಪೆಟ್ರೋಲ್ ಕಡೆ: ಒಂದು ವೈರ್, ಒಂದು ಟ್ಯಾಂಕ್

ಕಾರ್ಬೊರೇಟರ್ ಪಕ್ಕದಲ್ಲಿ ಒಂದು ಸಣ್ಣ ಸೊಲೆನಾಯ್ಡ್ ಇರುತ್ತೆ, ಒಂದು ವೈರ್ ಹೋಗಿರುತ್ತೆ. ಕೀ ಆನ್ ಮಾಡಿದಾಗ ಅದು ತೆರೆದು ಐಡ್ಲಿಂಗ್‌ಗೆ ಬೇಕಾದ ಪೆಟ್ರೋಲ್ ಬಿಡುತ್ತೆ. ಆ ವೈರ್ ಸಿಕ್ಕಿಸೋದು ಮರೆತರೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಇಂಜಿನ್ ಓಡುತ್ತೆ, ಬಿಟ್ಟ ತಕ್ಷಣ ಆಫ್. ಕೀ ಆನ್ ಇಟ್ಟು ವೈರ್ ತೆಗೆದು ಹಾಕಿ ನೋಡಿ, 'ಟಿಕ್' ಅಂತ ಸದ್ದು ಬರಬೇಕು. ಸದ್ದು ಬಂದೂ ಐಡ್ಲಿಂಗ್ ನಿಲ್ಲದಿದ್ದರೆ ಸ್ಲೋ ಜೆಟ್ ಕಟ್ಟಿರಬಹುದು.

ಇಂಜಿನ್ ಕೆಟ್ಟು ಕಾರು ಆರು ತಿಂಗಳು, ವರ್ಷ ನಿಂತಿದ್ದರೆ ಟ್ಯಾಂಕ್ ಒಳಗೆ ತುಕ್ಕು, ನೀರು ಸೇರಿರುತ್ತೆ. ಒಳ್ಳೇ ಇಂಜಿನ್ ಹಾಕಿ ಅದೇ ಟ್ಯಾಂಕಿನ ಪೆಟ್ರೋಲ್ ಕೊಟ್ಟರೆ ಎರಡು ದಿನ ಚೆನ್ನಾಗಿ ಓಡಿ ಮೂರನೇ ದಿನ ಮಿಸ್ಸಿಂಗ್ ಶುರು. ಪಾರದರ್ಶಕ ಫಿಲ್ಟರ್ ಹಾಕಿಸಿಕೊಳ್ಳಿ, ಕಂದು ಪುಡಿ ಕಂಡರೆ ಟ್ಯಾಂಕ್ ಇಳಿಸಿ ತೊಳೆಸಬೇಕು.

ಇನ್ನೊಂದು ವಿಷಯ ಇ20 ಪೆಟ್ರೋಲ್. ಈಗ ಬಂಕ್‌ಗಳಲ್ಲಿ ಸಿಗೋ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ತನಕ ಎಥೆನಾಲ್ ಇರುತ್ತೆ. ಬರೀ ಪೆಟ್ರೋಲ್ 1 ಕೆಜಿ ಪೂರ್ತಿ ಸುಡೋಕೆ ಸುಮಾರು 14.7 ಕೆಜಿ ಗಾಳಿ ಬೇಕು, ಇ20ಗೆ ಸುಮಾರು 13.5 ಕೆಜಿ ಸಾಕು. ಹೊಸ ಕಾರುಗಳಲ್ಲಿ ಸೆನ್ಸರ್ ನೋಡಿಕೊಂಡು ಅಳತೆ ತಾನೇ ಬದಲಾಗುತ್ತೆ. ಕಾರ್ಬೊರೇಟರ್‌ಗೆ ಆ ಬುದ್ಧಿ ಇಲ್ಲ. 1990ರ ದಶಕದ ಜೆಟ್ ಹಳೇ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತೆ, ಇಂಜಿನ್‌ಗೆ ಗಾಳಿ ಜಾಸ್ತಿಯಾದಂಗೆ ಆಗುತ್ತೆ. ಮಿಕ್ಸ್ಚರ್ ಸ್ಕ್ರೂ ಮತ್ತೆ ಹೊಂದಿಸಬೇಕಾಗುತ್ತೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತೆ, ಹಳೇ ರಬ್ಬರ್ ಪೈಪನ್ನ ಮೆತ್ತಗೆ ಮಾಡುತ್ತೆ. ಇಂಜಿನ್ ಬದಲಿಸುವಾಗಲೇ ಪೆಟ್ರೋಲ್ ಪೈಪೆಲ್ಲ ಹೊಸದು ಹಾಕಿಸೋದು ಒಳ್ಳೇದು.

ಕಾರ್ಬೊರೇಟರ್ ಕಾರಿಗೆ ಎಂಪಿಎಫ್‌ಐ ಇಂಜಿನ್ ಕೂರಿಸಿದ್ದರೆ ಕಥೆಯೇ ಬೇರೆ. ಕಾರ್ಬೊರೇಟರ್‌ಗೆ 0.2, 0.3 ಬಾರ್ ಒತ್ತಡ ಸಾಕು. ಇಂಜೆಕ್ಟರ್‌ಗೆ 2.5ರಿಂದ 3 ಬಾರ್ ಬೇಕು. ಹಳೇ ಪಂಪ್ ಅದನ್ನ ಕೊಡಲ್ಲ, ಹಳೇ ಪೈಪು ಅದನ್ನ ತಡೆಯಲ್ಲ. ಪೈಪು ಒಡೆದರೆ ಬೆಂಕಿ ಅಪಾಯ. ಅದೇ ಇಂಜಿನ್‌ನ ಇಸಿಯು, ವೈರಿಂಗ್, ಸೆನ್ಸರ್, ಟ್ಯಾಂಕ್ ಪಂಪ್ ಎಲ್ಲ ಒಂದೇ ಗಾಡಿಯದ್ದು ಬಂದಿದ್ದರೆ ಮಾತ್ರ ಕೈ ಹಾಕಿ. ಒಂದು ಕಡೆ ಇಂಜಿನ್, ಇನ್ನೊಂದು ಕಡೆ ಇಸಿಯು ತಂದರೆ ಮಿಸ್ಸಿಂಗ್ ಹುಡುಕೋಕೆ ವರ್ಷ ಸಾಲಲ್ಲ.

ಈಗ ಇಂಜಿನ್ ಒಳಗೆ

ಮೇಲಿನದೆಲ್ಲ ಸರಿ ಇದ್ದೂ ಮಿಸ್ಸಿಂಗ್ ಹೋಗಿಲ್ಲ ಅಂದರೆ ಇಂಜಿನ್ ಮೇಲೆ ಅನುಮಾನ ಪಡಬಹುದು. ಆಗಲೂ ಹೆಡ್ ಬಿಚ್ಚಬೇಕಿಲ್ಲ.

ಮೊದಲು ಟೈಮಿಂಗ್ ಬೆಲ್ಟ್. ಇಂಜಿನ್ ಕೂರಿಸುವ ಮುನ್ನ ಬೆಲ್ಟ್ ಬದಲಿಸಿದ್ದರೆ ಒಂದು ಹಲ್ಲು ಆಚೀಚೆ ಕೂತಿರೋ ಸಾಧ್ಯತೆ ಇದೆ. ಆಗ ಇಂಜಿನ್ ಸ್ಟಾರ್ಟ್ ಆಗುತ್ತೆ, ಆದರೆ ಎಳೆಯಲ್ಲ, ಐಡ್ಲಿಂಗ್ ನಿಲ್ಲಲ್ಲ. ಕವರ್ ತೆಗೆದು ಕ್ರ್ಯಾಂಕ್, ಕ್ಯಾಮ್ ಎರಡರ ಗುರುತೂ ಒಟ್ಟಿಗೆ ಕೂಡುತ್ತಾ ನೋಡಬೇಕು. ಆಮೇಲೆ ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರ್ ಹೊಂದಿಸಬೇಕು, ಟ್ಯಾಪೆಟ್ ಕ್ಲಿಯರೆನ್ಸ್ ನೋಡಬೇಕು. ಟ್ಯಾಪೆಟ್ ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚಲ್ಲ. ಅದೊಂದೇ ಕಾರಣಕ್ಕೆ ಕಂಪ್ರೆಷನ್ ಇಳಿದಿರುತ್ತೆ, ಹೆಡ್ ಕೆಟ್ಟಿದೆ ಅಂತ ತಿಳ್ಕೊಂಡಿರ್ತಾರೆ.

ವ್ಯಾಕ್ಯೂಮ್ ಗೇಜ್ ಇರೋ ಗ್ಯಾರೇಜ್ ಸಿಕ್ಕರೆ ಇನ್ನೂ ಒಳ್ಳೇದು. ಸಮುದ್ರ ಮಟ್ಟದಲ್ಲಿ ಒಳ್ಳೇ ಇಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ತೋರಿಸುತ್ತೆ. ಪ್ರತಿ 1,000 ಅಡಿಗೆ ಸುಮಾರು ಒಂದು ಇಂಚು ಇಳಿಯುತ್ತೆ. ನಮ್ಮ ಕಡೆ ಸುಮಾರು 2,000 ಅಡಿ ಎತ್ತರ ಇರೋದರಿಂದ 15ರಿಂದ 19 ಬಂದರೆ ಗಾಬರಿ ಬೇಡ. ಮುಳ್ಳು ಅಲುಗಾಡದೇ ಕೆಳಗೆ ನಿಂತಿದ್ದರೆ ಟೈಮಿಂಗ್ ತಪ್ಪಿದೆ ಅಥವಾ ಗಾಳಿ ಲೀಕ್ ಇದೆ. ತಾಳಕ್ಕೆ ಸರಿಯಾಗಿ ಒಂದೊಂದು ಸಲ ಕುಸಿದರೆ ಒಂದು ವಾಲ್ವ್ ಸರಿಯಿಲ್ಲ.

ಕೊನೆಗೆ ಕಂಪ್ರೆಷನ್ ಟೆಸ್ಟ್. ಇಂಜಿನ್ ಬಿಸಿ ಇರಬೇಕು, ಎಲ್ಲಾ ಪ್ಲಗ್ ತೆಗೆದಿರಬೇಕು, ಕಾಯಿಲ್ ಕನೆಕ್ಷನ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಫುಲ್ ಇರಬೇಕು. ಒಳ್ಳೇ ಪೆಟ್ರೋಲ್ ಇಂಜಿನ್ ಸಾಮಾನ್ಯವಾಗಿ 150 ಪಿಎಸ್‌ಐ ಮೇಲೆ ತೋರಿಸುತ್ತೆ. ಅಂಕಿಗಿಂತ ಮುಖ್ಯ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. 10, 15 ಪರ್ಸೆಂಟ್‌ಗಿಂತ ಜಾಸ್ತಿ ಇರಬಾರದು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ತೊಂದರೆ. ಅಕ್ಕಪಕ್ಕದ ಎರಡೂ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್. ಈ ಅಂಕಿಗಳನ್ನ ಒಂದು ಚೀಟಿಯಲ್ಲಿ ಬರೆಸಿಕೊಂಡ ಮೇಲೆ ಹೆಡ್ ಬಿಚ್ಚಿಸಿದರೆ ಏನಕ್ಕೆ ಬಿಚ್ಚಿಸ್ತಿದ್ದೀವಿ ಅಂತ ಗೊತ್ತಿರುತ್ತೆ.

ಡೀಸೆಲ್ ಜೀಪ್ ಆದರೆ

ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಹಾಕೋ ರೂಢಿ ತೋಟದ ಸೀಮೆಯಲ್ಲಿ ಹಳೇದು. ಇಲ್ಲಿ ಪ್ಲಗ್ ವೈರ್ ಇಲ್ಲ, ಹಂಗಾಗಿ ಮೊದಲ ಅನುಮಾನ ಡೀಸೆಲ್ ಲೈನ್‌ನಲ್ಲಿ ಸೇರಿರೋ ಗಾಳಿ. ಟ್ಯಾಂಕಿನಿಂದ ಫಿಲ್ಟರ್ ತನಕ ಒಂದು ತುಂಡು ಪಾರದರ್ಶಕ ಪೈಪು ಹಾಕಿ ನೋಡಿ, ಗುಳ್ಳೆ ಕಂಡರೆ ಎಲ್ಲೋ ಜಾಯಿಂಟ್ ಗಾಳಿ ಎಳೀತಿದೆ. ಗುಳ್ಳೆ ಇಲ್ಲದೇ ಮಿಸ್ಸಿಂಗ್ ಇದ್ದರೆ ನಾಜಲ್, ಪಂಪ್ ಟೈಮಿಂಗ್ ನೋಡಬೇಕು. ಹಳೇ ಇಂಜಿನ್‌ನಲ್ಲಿ ನಾಜಲ್ ಪೈಪ್ ನಟ್ ಒಂದೊಂದೇ ಸಡಿಲಿಸಿ ಸತ್ತ ಸಿಲಿಂಡರ್ ಹುಡುಕ್ತಾರೆ. ಇದು ಅನುಭವ ಇರೋ ಮೆಕ್ಯಾನಿಕ್ ಕೆಲಸ. ಆ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತೆ. ಕಾಮನ್ ರೈಲ್ ಇಂಜಿನ್‌ನಲ್ಲಂತೂ ನಟ್ ಮುಟ್ಟಲೇಬಾರದು.

ಹೊಗೆ ಬಣ್ಣ ನೋಡಿ. ಬಿಸಿಯಾದ ಮೇಲೂ ಬಿಳಿ ಹೊಗೆ ಬರ್ತಿದ್ದರೆ ಡೀಸೆಲ್ ಪೂರ್ತಿ ಸುಡ್ತಿಲ್ಲ ಅಥವಾ ನೀರು ಒಳಗೆ ಹೋಗ್ತಿದೆ. ಕಪ್ಪು ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ನೀಲಿ ಅಂದರೆ ಇಂಜಿನ್ ಆಯಿಲ್ ಸುಡ್ತಿದೆ.

ಕಾಗದ ಸರಿ ಇಲ್ಲದಿದ್ದರೆ ಇಂಜಿನ್ ಸರಿ ಇದ್ದೂ ಕಷ್ಟ

ಮಿಸ್ಸಿಂಗ್ ಹೋಯ್ತು ಅಂತ ನೆಮ್ಮದಿಯಾಗೋ ಮುಂಚೆ ಆರ್‌ಸಿ ತೆಗೆದು ನೋಡಿ. ಅದರಲ್ಲಿ ಹಳೇ ಇಂಜಿನ್ ನಂಬರ್ ಇರುತ್ತೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಇದನ್ನ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ. ಇಂಜಿನ್ ಬದಲಿಸಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಪೆಟ್ರೋಲ್‌ನಿಂದ ಡೀಸೆಲ್, ಅಥವಾ ಬೇರೆ ಮಾದರಿ ಇಂಜಿನ್ ಅಂದರೆ ಕೆಲಸಕ್ಕೆ ಕೈ ಹಾಕೋ ಮುಂಚೆಯೇ ದಾವಣಗೆರೆ ಆರ್‌ಟಿಒ ಕಚೇರಿಯಲ್ಲಿ ಕೇಳಿ ಒಪ್ಪಿಗೆ ತಗೊಳ್ಳಿ. ಕಾಯ್ದೆ ಮೀರಿ ಬದಲಿಸಿದ ಮಾಲೀಕರಿಗೆ ಸೆಕ್ಷನ್ 182ಎ ಅಡಿ ಒಂದೊಂದು ಬದಲಾವಣೆಗೂ ರೂ. 5,000 ದಂಡ, 6 ತಿಂಗಳ ತನಕ ಜೈಲು, ಅಥವಾ ಎರಡೂ ಆಗಬಹುದು.

ದಂಡಕ್ಕಿಂತ ದೊಡ್ಡ ಪೆಟ್ಟು ಅಪಘಾತ ಆದಾಗ ಬೀಳುತ್ತೆ. ಇಂಜಿನ್ ನಂಬರ್ ಹೊಂದದಿದ್ದರೆ ಇನ್ಶೂರೆನ್ಸ್ ಕ್ಲೇಮ್‌ಗೆ ತಕರಾರು ಬರುತ್ತೆ. ಎಫ್‌ಸಿ ರಿನೀವಲ್‌ಗೆ ಹೋದಾಗಲೂ ನಂಬರ್ ನೋಡ್ತಾರೆ. 15 ವರ್ಷ ದಾಟಿದ ಕಾರಿಗೆ ಪ್ರತಿ 5 ವರ್ಷಕ್ಕೆ ನೋಂದಣಿ ರಿನೀವಲ್ ಮಾಡಿಸಲೇಬೇಕು. 20 ವರ್ಷ ದಾಟಿದ ಕಾರುಗಳಿಗೆ ಇದರ ಶುಲ್ಕವನ್ನ 2025ರ ಆಗಸ್ಟ್‌ನಲ್ಲಿ ರೂ. 10,000ಕ್ಕೆ ಏರಿಸಲಾಗಿದೆ. ಅಷ್ಟು ಕಟ್ಟಿ, ನಂಬರ್ ಹೊಂದಲ್ಲ ಅಂತ ವಾಪಸ್ ಬರೋ ಹಾಗಾಗಬಾರದು. ಇಂಜಿನ್‌ಗೆ ದುಡ್ಡು ಕೊಡೋ ಮುಂಚೆ ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಗುಜರಿಯಲ್ಲಿ ಇಂಜಿನ್ ಕೊಳ್ಳುವಾಗ ಬಿಲ್ ಇಲ್ಲದೇ ಕೊಳ್ಳಬೇಡಿ. ಬಿಲ್ ಮೇಲೆ ಇಂಜಿನ್ ನಂಬರ್ ಬರೆದಿರಬೇಕು, ಬ್ಲಾಕ್ ಮೇಲಿನ ನಂಬರ್ ಅದಕ್ಕೆ ತಾಳೆಯಾಗಬೇಕು. ಆ ಗಾಡಿಯ ಹಳೇ ಆರ್‌ಸಿ ಅಥವಾ ನೋಂದಣಿ ರದ್ದಾದ ಕಾಗದದ ಜೆರಾಕ್ಸ್ ಕೇಳಿ. ನಂಬರ್ ಉಜ್ಜಿದ್ದರೆ, ಮೇಲೆ ಮತ್ತೆ ಪಂಚ್ ಹೊಡೆದಂಗೆ ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟು ಬನ್ನಿ. ಕದ್ದ ಗಾಡಿ ಇಂಜಿನ್ ಆಗಿದ್ದರೆ ಸ್ಟೇಷನ್ ಮೆಟ್ಟಿಲು ಹತ್ತಬೇಕಾದವರು ನೀವು.

ಮೆಕ್ಯಾನಿಕ್ ಜೊತೆ ಮೊದಲೇ ಮಾತಾಡಿಕೊಳ್ಳಿ

ಈಗಿನ್ನೂ ಇಂಜಿನ್ ಬದಲಿಸೋ ಯೋಚನೆಯಲ್ಲಿ ಇರೋರು ಇಷ್ಟು ಮಾಡಿ:

* ಸಾಧ್ಯವಾದರೆ ಇಂಜಿನ್ ಕೊಳ್ಳೋ ಮುಂಚೆಯೇ ಕಂಪ್ರೆಷನ್ ನೋಡಿಸಿ. ನೆಲದ ಮೇಲಿಟ್ಟು ಸೆಲ್ಫ್ ಕೊಟ್ಟೂ ನೋಡಬಹುದು.
* ಇಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಆಯಿಲ್ ಸೀಲ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಮೌಂಟಿಂಗ್ ಹೊಸದು ಹಾಕಿಸಿ. ಆಮೇಲೆ ಹಾಕಿಸಿದರೆ ಕೂಲಿ ಎರಡು ಸಲ.
* ಬಿಚ್ಚೋ ಮುಂಚೆ ವೈರ್, ಪೈಪುಗಳ ಫೋಟೋ ಮೊಬೈಲ್‌ನಲ್ಲಿ ಎಲ್ಲಾ ಕಡೆಯಿಂದ ತೆಗೆದಿಟ್ಟುಕೊಳ್ಳಿ.
* ನಿಮ್ಮ ಹಳೇ ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್, ಕಾಯಿಲ್ ಗುಜರಿಗೆ ಹಾಕಬೇಡಿ. ಒಂದೊಂದೇ ಬದಲಿಸಿ ತಪ್ಪು ಹುಡುಕೋಕೆ ಬೇಕಾಗ್ತವೆ.
* ಗಾಡಿ ವಾಪಸ್ ತಗೊಳ್ಳೋದನ್ನ ಬೆಳಗ್ಗೆ ಇಟ್ಟುಕೊಳ್ಳಿ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿಸಿ, ಬಿಸಿಯಾಗೋ ತನಕ ಐಡ್ಲಿಂಗ್ ಕೇಳಿ, ಆಮೇಲೆ ಒಂದು ಏರು ರಸ್ತೆಯಲ್ಲಿ ಓಡಿಸಿ ನೋಡಿ. ಬಾಕಿ ದುಡ್ಡು ಆಮೇಲೆ ಕೊಡಿ.

ಈಗಾಗಲೇ ಹಾಕಿಸಿ ಮಿಸ್ಸಿಂಗ್ ಜೊತೆ ಒದ್ದಾಡ್ತಿರೋರು ಒಂದು ಚೀಟಿ ಮಾಡಿ: ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಐಡ್ಲಿಂಗ್‌ನಲ್ಲೋ ಎತ್ತರದಲ್ಲೋ, ಯಾವ ಸಿಲಿಂಡರ್, ಅರ್ಥ್ ಎಷ್ಟು ವೋಲ್ಟ್, ಚೋಕ್ ಎಳೆದಾಗ ಏನಾಯ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಬರೆಯಿರಿ. ಆ ಚೀಟಿ ಹಿಡಿದು ಗ್ಯಾರೇಜ್‌ಗೆ ಹೋದರೆ ಮೆಕ್ಯಾನಿಕ್‌ಗೂ ಕೆಲಸ ಹಗುರ, ನಿಮ್ಮ ಜೇಬಿಗೂ ಹಗುರ.